ಉದುರಿದ ಎಲೆ ಯಾರ ಸೊತ್ತು?

ಹಿತ್ತಿಲಿನ ಮಾವು, ಸಪೋಟ, ಸೀಬೆಗಳ ಬುಡದಲ್ಲಿ ಬಿದ್ದ ತರಗೆಲೆಯನ್ನು ಗುಡಿಸಿ, ಮೂಲೆಯಲ್ಲಿ ಒಟ್ಟಿ, ಬೆಂಕಿಯಿಡುವುದು ಅನೇಕ ಮನೆಗಳ ವಾಡಿಕೆ. ಅಂಗಳ ಶುಚಿಯಾಯಿತೆಂದು ಗೃಹಸ್ಥನಿಗೆ ಸಮಾಧಾನ. ಆದರೆ ಆ ಎಲೆ ಯಾರದು? ನೀರೆರೆದು ಕಾಯ್ದವರಿಗೆ ಹಣ್ಣು ಸಲ್ಲತಕ್ಕದ್ದೇ, ಅದರಲ್ಲಿ ವಿವಾದವಿಲ್ಲ. ಎಲೆಯೂ ಅವರದೇ ಏನು?

ಎಲೆಯಲ್ಲಿರುವ ಲವಣಾಂಶಗಳನ್ನು ಬೇರು ಮಣ್ಣಿನಿಂದ ತಂದಿತು. ಅದರ ಒಂದು ಪಾಲು ಹಣ್ಣಿನೊಡನೆ ಮನೆಯೊಳಕ್ಕೆ ಹೋಯಿತು. ಇನ್ನೊಂದು ಪಾಲು ಎಲೆಯಾಗಿ ಬುಡಕ್ಕೇ ಮರಳಿ ಬಿದ್ದಿತು. ಅದನ್ನು ಸುಟ್ಟಾಗ ಸಾರಜನಕವು ಬಹುಮಟ್ಟಿಗೆ ಹೊಗೆಯೊಡನೆ ಹೋಗಿ, ಬೂದಿಯಷ್ಟೇ ಉಳಿಯುತ್ತದೆ. ಸಾಲ ತೀರಿಸಲು ಬಂದವನ ಗಂಟನ್ನು ಬಾಗಿಲಲ್ಲೇ ಕಸಿದುಕೊಂಡಂತೆ ಈ ಕಾರ್ಯ.

ಅದೇ ಎಲೆಯನ್ನು ಪಾತಿಯಲ್ಲಿ 3-4 ಅಂಗುಲ ದಪ್ಪವಾಗಿ ಹರಡಿದರೆ ಮಾರ್ಚಿನಿಂದ ಮೇವರೆಗಿನ ಬಿಸಿಲಿನಲ್ಲಿ ನೆಲದ ತೇವ ಬೇಗನೆ ಆರದು. ಕಳೆಯು ಬೆಳಕು ಕಾಣದೆ ಅಡಗುವುದು. ಮಳೆಯ ಹನಿ ನೇರವಾಗಿ ಬಡಿದು ಮಣ್ಣನ್ನು ಕೊಚ್ಚಲಾರದು. ಎರೆಹುಳುಗಳು ಕೆಳಗೆ ದುಡಿಯುತ್ತಿರಲು ಎಲೆ ಕ್ರಮೇಣ ಮಣ್ಣಾಗುವುದು. ಹೀಗಿರುವಾಗ ಶುಚಿಯೆಂದರೆ ನೆಲ ಬರಿದಾಗಿ ಕಾಣುವುದೊ, ಪ್ರತಿಯೊಂದು ವಸ್ತುವೂ ತನಗೆ ಸಲ್ಲುವೆಡೆಯಲ್ಲಿರುವುದೊ?

ಮರಳಿಸುವುದರಲ್ಲಿಯೂ ವಿವೇಕ ಬೇಕು. ಹುಳು ಬಿದ್ದು ಉದುರಿದ ಸೀಬೆಯನ್ನು ಮರದಡಿ ಬಿಟ್ಟರೆ, ಆ ಹುಳು ಮಣ್ಣಿನಲ್ಲಿ ಕೋಶ ಕಟ್ಟಿ, ನೊಣವಾಗಿ ಎದ್ದು ಉಳಿದ ಹಣ್ಣನ್ನು ಕೆಡಿಸುತ್ತದೆ. ಅಂತಹದನ್ನು ಆಯ್ದು ನಾಶಮಾಡುವುದೇ ಧರ್ಮ. ಪ್ರೀತಿಯಿಂದ ಕಾಂಡಕ್ಕೆ ಒತ್ತಿ ಎಲೆಯ ಗುಡ್ಡೆ ಹಾಕಿದರೂ ಕೇಡೇ. ತೇವ ನಿಂತು ತೊಗಟೆ ಕೊಳೆಯಬಹುದು, ಗೆದ್ದಲು ಏರಬಹುದು. ಕಾಂಡದಿಂದ ಒಂದು ಗೇಣು ಬಿಟ್ಟು, ಕೊಂಬೆಗಳು ಚಾಚಿದ ಅಂಚಿನವರೆಗೆ ಹರಡಬೇಕು. ನೀರನ್ನು ಹೀರುವ ಎಳೆಬೇರುಗಳು ಹಬ್ಬಿರುವುದು ಆ ಹರಹಿನಲ್ಲಿ. ಕಣ್ಣಿಗೆ ಎದ್ದು ಕಾಣುವಲ್ಲಿ ಸುರಿದು, ಹಸಿವಿರುವಲ್ಲಿ ಮರೆತರೆ ಆ ಕೊಡುಗೆಗೆ ಫಲವೇನು?

ಇನ್ನೊಂದು ಮಾತು. ಮನೆಯ ಎಲೆ ಸಾಲದಾದಾಗ ಹೊರಗಿನಿಂದ ತರುವ ಮನಸ್ಸಾಗುತ್ತದೆ. ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳಿಂದ ಸೊಪ್ಪು, ದರಕು ತರುವ ಪದ್ಧತಿ ಹಳೆಯದು. ತೋಟ ತಣಿಯುತ್ತದೆ, ದಿಟ. ಆದರೆ ಅತಿಯಾಗಿ ಸವರಿದ ಬೆಟ್ಟದ ನೆಲ ಬರಿದಾಗುತ್ತದೆ. ಒಂದು ಮಣ್ಣಿನ ಋಣವನ್ನು ಇನ್ನೊಂದು ಮಣ್ಣಿನ ಸೊತ್ತಿನಿಂದ ತೀರಿಸುವುದು ಋಣವಿಮೋಚನೆಯಲ್ಲ, ಋಣದ ವರ್ಗಾವಣೆ. ಆದುದರಿಂದ ತನ್ನ ಹಿತ್ತಿಲಿನ ಎಲೆ, ತನ್ನ ಅಡಿಗೆಮನೆಯ ಸಿಪ್ಪೆ, ಇವು ಮೊದಲು ಸಲ್ಲಲಿ.

ಶರಣರು ದಾನಕ್ಕೂ ದಾಸೋಹಕ್ಕೂ ಭೇದವೆಣಿಸಿದರು. ದಾನಿಗೆ ‘ಇದು ನನ್ನದು, ನಾನು ಕೊಟ್ಟೆ’ ಎಂಬ ಭಾವ ಉಳಿಯುತ್ತದೆ, ದಾಸೋಹಿಗೆ ಅದಿಲ್ಲ. ಮರದ ಬುಡಕ್ಕೆ ಎಲೆ ಹರಡುವ ಗೃಹಸ್ಥನು ಮಣ್ಣಿಗೆ ಏನನ್ನೂ ದಯಪಾಲಿಸುತ್ತಿಲ್ಲ. ಮಣ್ಣಿನ ಸೊತ್ತು ಮಣ್ಣಿಗೆ ಸೇರುವಾಗ ಅಡ್ಡ ಬಾರದೆ ನಿಂತಿದ್ದಾನೆ, ಅಷ್ಟೆ. ಇದನ್ನರಿತವನ ಕೈಯಲ್ಲಿ ಪೊರಕೆ ಇರುತ್ತದೆ, ಕಡ್ಡಿಪೆಟ್ಟಿಗೆ ಇರುವುದಿಲ್ಲ.