ದಯೆಗೆ ಎರಡು ಅಳತೆಯೇ?

ಅಮೆರಿಕೆಯ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಗೆ, ಮೊಟ್ಟೆಯಿಟ್ಟು ಸತ್ತ ಸಾಲ್ಮನ್ ಮೀನುಗಳನ್ನು ಅರಸಿ ಚಳಿಗಾಲದಲ್ಲಿ ಬಿಳಿತಲೆಯ ಬಾಲ್ಡ್ ಈಗಲ್ ಹದ್ದುಗಳು ಬರುತ್ತವೆ. ವಿನೋದಕ್ಕಾಗಿ ಗಾಳ ಹಾಕಿ ನಿಂತವನು ಅವುಗಳನ್ನು ಕಂಡು ಧನ್ಯನಾಗುತ್ತಾನೆ. ಗಾಳದಲ್ಲಿ ಒದ್ದಾಡುವ ಮೀನಿಗಾಗಿ ಅವನ ಮನ ಕರಗುವುದಿಲ್ಲ. ಎರಡೂ ಪಂಚೇಂದ್ರಿಯ ಜೀವಿಗಳಲ್ಲವೇ?

ಹಿಂದೆ ಡಿ.ಡಿ.ಟಿ. ವಿಷವು ಮೀನಿನ ಮೂಲಕವೇ ಹದ್ದಿನ ಒಡಲು ಸೇರಿ, ಅದರ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿತ್ತು. 1972ರಲ್ಲಿ ಅದರ ಬಳಕೆ ನಿಷೇಧವಾದ ಬಳಿಕ ಸಂತತಿ ಚೇತರಿಸಿತು. 2007ರಲ್ಲಿ ಹದ್ದು ಅಪಾಯದಂಚಿನ ಜೀವಿಗಳ ಪಟ್ಟಿಯಿಂದ ಹೊರಬಂದಿತು. ಮೀನಿಗೆ ಉಣಿಸಿದ ವಿಷ ಮೀನಿನಲ್ಲಿಯೇ ನಿಲ್ಲಲಿಲ್ಲ.

ಹದ್ದು ಹಸಿವಿಗಾಗಿ ತಿನ್ನುತ್ತದೆ. ಅದಕ್ಕೆ ಬೇರೆ ದಾರಿಯಿಲ್ಲ. ಮನುಷ್ಯನಿಗೆ ವಿವೇಕವಿದೆ. ಚೆಲುವನ್ನು ಕಂಡು ಹುಟ್ಟುವುದು ಮೆಚ್ಚುಗೆ. ನೋವನ್ನು ಅರಿತು ಹುಟ್ಟುವುದೇ ದಯೆ. ಹದ್ದನ್ನು ನೋಡಲು ಕಣ್ಣು ಸಾಕು, ಗಾಳ ಬೇಕಿಲ್ಲ.