ರೆಕ್ಸಿನ್ನಿನ ಪೊರೆ

ನಮ್ಮ ಭಾವನವರ ಟೆಂಪೋ ಟ್ರಾವೆಲರಿನಲ್ಲಿ ಕೆಲವು ಕಾಲ ಯಾರೂ ಬಿಳಿ ಬಟ್ಟೆ ಉಟ್ಟು ಕೂರುತ್ತಿರಲಿಲ್ಲ. ಒಳಗಿನ ಸೀಟುಗಳನ್ನೆಲ್ಲ ಕೀಳಿಸಿ, ಮಡಚುವ ಮಂಚ, ಸಣ್ಣದೊಂದು ಸಿಂಕು, ಗೋಡೆಗೆ ಒರಗಿದ ಎರಡು ಉದ್ದನೆಯ ಬೆಂಚು ಕೂರಿಸಿ ಅದನ್ನು ಓಡಾಡುವ ಮನೆ ಮಾಡಿಸಿದ್ದರು. ಬೆಂಚಿಗೆ ಕಾಫಿ ಬಣ್ಣದ ರೆಕ್ಸಿನ್. ಚರ್ಮದ್ದೇ ನೆರಿಗೆ, ಚರ್ಮದ್ದೇ ಸಣ್ಣ ಸಣ್ಣ ರಂಧ್ರ, ಹೊಸದರಲ್ಲಿ ವಾಸನೆಯೂ ಹೆಚ್ಚುಕಮ್ಮಿ ಅದರದ್ದೇ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಕ್ಕಳೆ ಏಳತೊಡಗಿತು. ಘಾಟಿ ಸುಬ್ರಹ್ಮಣ್ಯಕ್ಕೆ ಹೋದ ದಿನ ನನ್ನ ಪಂಚೆಯ ಹಿಂಭಾಗಕ್ಕೆಲ್ಲ ಮೆತ್ತಿಕೊಂಡಿತ್ತು. ದರ್ಶನದ ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, “ಯಾಕಪ್ಪಾ, ಪಂಚೆಗೆಲ್ಲಾ ಏನೋ ಮೆತ್ಕೊಂಡೈತಲ್ಲ, ಇರು” ಎಂದು ಸೆರಗಿನ ತುದಿಯಿಂದ ಒದರಿದರು. ಒದರಿದಷ್ಟೂ ಅದು ಇನ್ನಷ್ಟು ಚೂರಾಯಿತೇ ಹೊರತು ಬಿಡಲಿಲ್ಲ.

ಘಾಟಿ ಸುಬ್ರಹ್ಮಣ್ಯದಲ್ಲಿ ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಕ್ಕೆ, ಬೆನ್ನಿಗೆ ಬೆನ್ನು ತಾಗಿಸಿ ನರಸಿಂಹ ಪಶ್ಚಿಮಕ್ಕೆ. ಹಿಂಬದಿಯ ನರಸಿಂಹ ಭಕ್ತರಿಗೆ ಕಾಣಲೆಂದು ಗರ್ಭಗುಡಿಯ ಹಿಂಭಾಗದಲ್ಲಿ ಕನ್ನಡಿ ಇಟ್ಟಿದ್ದಾರೆ. ದೇವರ ಬೆನ್ನಹಿಂದಿರುವುದನ್ನು ನೋಡಲು ಕನ್ನಡಿ ಸಾಕು. ನನ್ನ ಬೆನ್ನಹಿಂದಿನದಕ್ಕೆ ಆ ಅಜ್ಜಿಯೇ ಬೇಕಾಯಿತು.

ಹೊರಗೆ ಬಂದರೆ ಎಲ್ಲಿ ನೋಡಿದರೂ ನಾಗರಕಲ್ಲು. ಮಕ್ಕಳಾಗಲೆಂದು ಹರಕೆ ಹೊತ್ತವರು ತಲೆಮಾರುಗಳಿಂದ ತಂದು ಪ್ರತಿಷ್ಠೆ ಮಾಡಿಸಿದವು, ಸಾಲು ಸಾಲಾಗಿ, ಒಂದಕ್ಕೊಂದು ಒತ್ತಿಕೊಂಡು. ಹೊಸವುಗಳ ಮೇಲೆ ಹೆಣೆದುಕೊಂಡ ಜೋಡಿ ಹಾವಿನ ಒಂದೊಂದು ಗೆರೆಯೂ ಸ್ಪಷ್ಟ. ಹಳೆಯವುಗಳಲ್ಲಿ ಹಾಲು, ಅರಿಸಿನ, ಬಿಸಿಲು, ಮಳೆ ಸೇರಿ ಹೆಡೆಯ ಅಂಚು ಮಾಸಿಹೋಗಿದೆ. ಯಾವ ದಂಪತಿ ತಂದರು, ಯಾವ ಮಗು ಹುಟ್ಟಿತು, ಆ ಮಗು ಈಗ ಎಲ್ಲಿದೆ ಎಂದು ಕಲ್ಲು ಹೇಳುವುದಿಲ್ಲ. ಕಲ್ಲೂ ಸವೆಯುತ್ತದೆ, ಆದರೆ ಸವೆದದ್ದು ಮಣ್ಣಾಗುತ್ತದೆ.

ಹಾವಿನ ಊರಿನಲ್ಲಿ ನಿಂತು ಉದುರುವ ಚರ್ಮ ನೋಡಿದ ಮೇಲೆ ಪೊರೆಯ ನೆನಪಾಗದೆ ಇರುತ್ತದೆಯೆ? ಎರಡನ್ನೂ ಒಂದೇ ಎನ್ನುವ ಆಸೆ ನನಗೂ ಆಯಿತು. ಆದರೆ ಅದು ಸುಳ್ಳು. ಹಾವು ಪೊರೆ ಬಿಡುವ ಮೊದಲೇ ಕೆಳಗೆ ಹೊಸ ಚರ್ಮ ಸಿದ್ಧವಾಗಿರುತ್ತದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬಿಕೊಂಡು, ಕೆಲವು ದಿನ ಹಾವಿನ ಕಣ್ಣು ಹಾಲುನೀಲಿಗೆ ತಿರುಗಿ ಮಬ್ಬಾಗುತ್ತದೆ. ಆಮೇಲೆ ಮೂತಿಯನ್ನು ಕಲ್ಲಿಗೋ ಬೇರಿಗೋ ಉಜ್ಜಿ ತುಟಿಯ ಬಳಿ ಬಿರುಕು ಮಾಡಿಕೊಂಡು, ಹಳೆಯದನ್ನು ಒಳಹೊರಗಾಗಿ ಮಗುಚಿ ಕಳಚಿ ಹೋಗುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಪೊರೆಯೂ ಅದರ ಜೊತೆಗೇ ಹೋಗುತ್ತದೆ. ಹೋಗುವುದಕ್ಕೆ ಮುಂಚೆ ಬರುವುದು ಬಂದಿರುತ್ತದೆ. ರೆಕ್ಸಿನ್ನಿನ ಹಕ್ಕಳೆಯ ಕೆಳಗೆ ಹೊಸದೇನೂ ಕಾಯುತ್ತಿರುವುದಿಲ್ಲ. ಬೂದುಬಣ್ಣದ ಹೆಣಿಗೆ ಬಟ್ಟೆ, ಅದರ ಕೆಳಗೆ ಹಳದಿಗಟ್ಟಿದ ಫೋಮು, ಅದರ ಕೆಳಗೆ ಪ್ಲೈವುಡ್ಡು.

ಆ ಹೊದಿಕೆಯೆಂದರೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನಿನ ತೆಳು ಪದರ. ಮೇಲೆ ಚರ್ಮದ ನೆರಿಗೆಯ ಅಚ್ಚು ಒತ್ತಿರುತ್ತಾರೆ. ಗಾಳಿಯ ತೇವ ಅದರೊಳಗೆ ಇಳಿದು, ಪದರವನ್ನು ಹಿಡಿದಿಟ್ಟ ಉದ್ದನೆಯ ಅಣುಸರಪಳಿಗಳನ್ನು ನಿಧಾನಕ್ಕೆ ತುಂಡರಿಸುತ್ತದೆ. ರಸಾಯನಶಾಸ್ತ್ರದವರು ಇದಕ್ಕೆ ಜಲವಿಚ್ಛೇದನೆ ಎನ್ನುತ್ತಾರೆ. ತುಂಡಾದಾಗ ಹುಟ್ಟುವ ಆಮ್ಲ ಇನ್ನಷ್ಟು ತುಂಡರಿಸಲು ನೆರವಾಗುತ್ತದೆ. ಹಾಗಾಗಿ ವರ್ಷಗಟ್ಟಲೆ ಏನೂ ಆಗದಂತೆ ಕಂಡದ್ದು ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಸುಲಿಯುತ್ತದೆ. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿ, ಬೆವರು, ತಲೆಗೆ ಹಚ್ಚಿದ ಎಣ್ಣೆ, ಎಲ್ಲವೂ ಇದಕ್ಕೆ ಒತ್ತಾಸೆ. ಹಳೆಯ ಬಸ್ಸುಗಳ ಸೀಟಿನಲ್ಲಿದ್ದ ಪಿವಿಸಿ ರೆಕ್ಸಿನ್ನಿನ ಸಾವು ಬೇರೆ ಥರ: ಮೆದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಆರಿ, ಅದು ಗಟ್ಟಿಯಾಗಿ ಸೀಳು ಬಿಡುತ್ತಿತ್ತು.

ಭಾವನವರಿಗೆ ನೋವಾದದ್ದು ಸುಲಿದದ್ದಕ್ಕಲ್ಲ. “ಕೂತಿದ್ದೇ ಕಮ್ಮಿ, ಹೆಂಗೆ ಹಾಳಾಯ್ತು?” ಎಂಬುದು ಅವರ ಪ್ರಶ್ನೆ. ಮಕ್ಕಳು ಚಪ್ಪಲಿ ಹಾಕಿಕೊಂಡು ಹತ್ತುವಂತಿರಲಿಲ್ಲ, ಬೆಂಚಿನ ಮೇಲೆ ಊಟ ಮಾಡುವಂತಿರಲಿಲ್ಲ, ಮೊದಲ ವರ್ಷ ಅಂಗಡಿಯವರು ಹಾಕಿದ್ದ ಪ್ಲಾಸ್ಟಿಕ್ ಕವರನ್ನೂ ತೆಗೆಯಲು ಬಿಟ್ಟಿರಲಿಲ್ಲ. ನಮ್ಮಲ್ಲಿ ಇದು ಎಲ್ಲರ ಮನೆಯ ಕಥೆ. ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕು, ರಿಮೋಟಿನ ಮೇಲಿನ ಪ್ಲಾಸ್ಟಿಕ್ಕು, ಬೀರುವಿನಲ್ಲಿ ಮಡಿಕೆ ಬಿಚ್ಚದೆ ಮಡಿಕೆಯಲ್ಲೇ ಸೀಳಿದ ರೇಷ್ಮೆ ಸೀರೆ. ಬಳಸಿದರೆ ಸವೆಯುತ್ತದೆ, ಇಟ್ಟರೆ ಉಳಿಯುತ್ತದೆ ಎಂಬ ಲೆಕ್ಕ. ಆದರೆ ತೇವಕ್ಕೆ ಯಾರು ಕೂತರು, ಎಷ್ಟು ಹೊತ್ತು ಕೂತರು ಎಂಬುದು ಬೇಕಿಲ್ಲ. ಗೋದಾಮಿನಲ್ಲಿ ಸುರುಳಿ ಸುತ್ತಿಟ್ಟ ರೆಕ್ಸಿನ್ನಿಗೂ ವಯಸ್ಸಾಗುತ್ತದೆ. ಕಾಪಾಡಿದ ವಸ್ತು ಹೆಚ್ಚು ದಿನ ಬಾಳಲಿಲ್ಲ, ನಾವು ಅದರ ಮೇಲೆ ಕೂರಲಿಲ್ಲ, ಅಷ್ಟೆ.

ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಆಸುಪಾಸಿನಲ್ಲಿ ಘಾಟಿಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಹಳ್ಳಿಕಾರ್ ಹೋರಿಗಳಿಗೆ ಪೆಂಡಾಲು, ಅವುಗಳ ಪಕ್ಕದಲ್ಲೇ ಕಂಬಳಿ ಹೊದ್ದ ಯಜಮಾನರು. ಲಾರಿ ಬರುವ ಮುಂಚೆ ದೂರದವರು ಕಮಾನುಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಓಡಾಡುವ ಮನೆ ಎಂದರೆ ಅದೇ. ಬಿದಿರು ದಬ್ಬೆ ಬಗ್ಗಿಸಿ ಮೇಲೆ ಚಾಪೆ ಹೊದಿಸಿದ ಕಮಾನು, ಒಳಗೆ ಮೊಣಕಾಲುದ್ದ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ಅಡುಗೆ ಪಾತ್ರೆ ಗಾಡಿಯ ಕೆಳಗೆ ನೇತಾಡುತ್ತಿತ್ತು. ನಮ್ಮ ಅಜ್ಜಿ ಹೇಳುತ್ತಿದ್ದದ್ದು: ಹೋಗುವಾಗ ಹುಲ್ಲು ಎತ್ತರವಾಗಿರುತ್ತಿತ್ತು, ತಲೆ ಕಮಾನಿಗೆ ತಾಗುತ್ತಿತ್ತು, ಬರುವಾಗ ಹಲಗೆ ಒತ್ತುತ್ತಿತ್ತು. ದಾರಿಯುದ್ದಕ್ಕೂ ಎತ್ತುಗಳು ನಿಂತಲ್ಲೆಲ್ಲ ಆ ಸೀಟನ್ನೇ ಎಳೆದು ಹಾಕುತ್ತಿದ್ದರು. ಕೂತದ್ದನ್ನು ಎತ್ತು ತಿಂದಿತು, ಸಗಣಿ ಹೊಲಕ್ಕೆ ಬಿತ್ತು, ಮುಂದಿನ ವರ್ಷ ಮತ್ತೆ ಹುಲ್ಲಾಯಿತು. ಆ ಸೀಟು ಒಂದು ಜಾತ್ರೆಗಿಂತ ಹೆಚ್ಚು ಬಾಳುತ್ತಿರಲಿಲ್ಲ, ಅದು ಹಾಳಾಯಿತೆಂದು ಯಾರೂ ಅತ್ತದ್ದೂ ಇಲ್ಲ. ಹಾಗೆಂದು ಕಮಾನುಗಾಡಿಯ ಕಾಲವೇ ಸುಖ ಎನ್ನುತ್ತಿಲ್ಲ. ಅಜ್ಜಿ ಅದರ ಕುಲುಕಾಟಕ್ಕೆ ಜೀವಮಾನವೆಲ್ಲ ಸೊಂಟನೋವು ಹೊತ್ತವರು.

ಅನಿತ್ಯದ ಬಗ್ಗೆ ನಮ್ಮವರು ಕಡಿಮೆ ಯೋಚಿಸಿಲ್ಲ. ಜೈನರು ಮತ್ತೆ ಮತ್ತೆ ಚಿಂತಿಸುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯ. ಗೀತೆ ದೇಹವನ್ನು ಹಳೆಯ ಬಟ್ಟೆಗೆ ಹೋಲಿಸಿತು. ಆದರೆ ಅವರ ಕಣ್ಣೆದುರಿಗಿದ್ದದ್ದು ಹತ್ತಿ ಬಟ್ಟೆ, ಇಬ್ಬನಿ, ನೀರಗುಳ್ಳೆ, ಹೂವು. ಎಲ್ಲವೂ ಪೂರ್ತಿಯಾಗಿ ಹೋಗಬಲ್ಲವು. ಹತ್ತಿ ಸೀರೆ ಕೌದಿಯಾಗಿ, ಕೌದಿ ಒರೆಸುವ ಬಟ್ಟೆಯಾಗಿ, ಕಡೆಗೆ ಒಲೆ ಸೇರುತ್ತಿತ್ತು. ರೆಕ್ಸಿನ್ನು ಈ ಲೆಕ್ಕವನ್ನೇ ತಿರುಗುಮುರುಗು ಮಾಡಿದೆ. ನಾವು ಉಳಿಯಲಿ ಎಂದು ದುಡ್ಡು ಕೊಟ್ಟದ್ದು ಅದರ ನೋಟಕ್ಕೆ, ಅದು ಮೊದಲು ಹೋಯಿತು. ಯಾರಿಗೂ ಬೇಡದ ಹಕ್ಕಳೆ ನಾವು ಹೋದ ಮೇಲೂ ಎಲ್ಲೋ ಮಣ್ಣಲ್ಲಿ, ಯಾವುದೋ ಕೆರೆಯ ಕೆಸರಲ್ಲಿ ಇರುತ್ತದೆ. ಅನಿತ್ಯವನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಲ್ಲ, ವಯಸ್ಸೇ ಅದನ್ನು ಕಲಿಸುತ್ತಿದೆ. ಹೀಗೆ ಅರ್ಧಕ್ಕೇ ನಿಂತ ಸಾವನ್ನು ಒಪ್ಪುವುದು ಹೇಗೆ ಎಂದು ಯಾವ ಗ್ರಂಥದಲ್ಲಿ ಹುಡುಕಲಿ?

ವಾಪಸು ಬರುವಾಗ ದೊಡ್ಡಬಳ್ಳಾಪುರದಲ್ಲಿ ಒಂದು ಕುಶನ್ ಅಂಗಡಿಯ ಮುಂದೆ ನಿಲ್ಲಿಸಿದೆವು. ಪಕ್ಕದ ಬೀದಿಯಲ್ಲಿ ಮಗ್ಗಗಳ ಸದ್ದು. ರೇಷ್ಮೆಯನ್ನೂ ಆರ್ಟ್ ಸಿಲ್ಕನ್ನೂ ನೇಯುವ ಊರು ಅದು. ಅಸಲು ನಕಲಿನ ಬಗ್ಗೆ ಅಲ್ಲಿ ಯಾರೂ ಮೂಗು ಮುರಿಯುವುದಿಲ್ಲ, ಯಾವುದು ಯಾವುದೆಂದು ಹೇಳಿ ಮಾರಿದರಾಯಿತು. ಅಂಗಡಿಯ ಹುಡುಗ ಹಕ್ಕಳೆಯ ತುದಿ ಹಿಡಿದು ಎಳೆದ. ಅಂಗೈಯಗಲ ಸಲೀಸಾಗಿ ಎದ್ದು ಬಂತು. “ಗಮ್ ಹಾಕಿದ್ರೂ ನಿಲ್ಲಲ್ಲ ಸಾರ್. ಮೆತ್ತಿದ ಕಡೆ ನಿಲ್ತೈತೆ, ಪಕ್ಕದಲ್ಲಿ ಏಳ್ತೈತೆ. ಪೂರ್ತಿ ಕಿತ್ತು ಬೇರೆ ಹಾಕ್ಬೇಕು.”

ಭಾವನವರು ಮತ್ತೆ ಅದೇ ಬಣ್ಣದ ರೆಕ್ಸಿನ್ ಕೈಗೆತ್ತಿಕೊಂಡರು. ಅಕ್ಕ ಬಿಡಲಿಲ್ಲ. ದಪ್ಪನೆಯ ಹತ್ತಿ ಬಟ್ಟೆ, ಒಗೆಯಲು ಬರುವಂತೆ ಜಿಪ್ಪು ಹಾಕಿ ಎಂದಳು. “ಇದು ಎಷ್ಟು ವರ್ಷ ಬರುತ್ತೆ?” ಎಂದು ಭಾವ ಕೇಳಿದರು. ಹುಡುಗ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿ, “ಬಟ್ಟೆ ಅಂದ್ಮೇಲೆ ಹರೀತೈತೆ ಸಾರ್, ಹೊಲಿಸ್ಕೊಳ್ಳಿ” ಎಂದ.

ಸ್ಟೇಪ್ಲರ್ ಪಿನ್ನುಗಳನ್ನು ಒಂದೊಂದಾಗಿ ಮೀಟಿ ಹಳೆಯದನ್ನೆಲ್ಲ ಕಿತ್ತು, ನೆಲದ ಚೂರುಗಳನ್ನು ಗುಡಿಸಿ, ಒಂದು ಗೋಣಿಚೀಲಕ್ಕೆ ತುಂಬಿ ಕೊಟ್ಟ. ಅಂಗಡಿಯಲ್ಲಿ ಅದಕ್ಕೆ ಜಾಗವಿಲ್ಲವಂತೆ. ಮಾರನೆಯ ಬೆಳಿಗ್ಗೆ ನಮ್ಮ ಬೀದಿಗೆ ಬಂದ ಕಸದ ಆಟೋದವನು ಚೀಲದ ಬಾಯಿ ಬಿಚ್ಚಿ ಒಂದು ತುಂಡನ್ನು ಎತ್ತಿ ತಿರುಗಿಸಿದ. ಹಸಿ ಕಸವಂತೂ ಅಲ್ಲ. ಒಣ ಕಸದಲ್ಲಿ ಬಟ್ಟೆಯ ಜೊತೆ ಹಾಕಿದರೆ ಬಟ್ಟೆಯವರು ಬೇಡವೆನ್ನುತ್ತಾರೆ, ಪ್ಲಾಸ್ಟಿಕ್ಕಿನ ಜೊತೆ ಹಾಕಿದರೆ ಅವರೂ ಬೇಡವೆನ್ನುತ್ತಾರೆ. “ನೀವೇ ಇಟ್ಕೊಳ್ಳಿ ಸಾರ್, ಸೋಮವಾರ ಕೇಳಿ ಹೇಳ್ತೀನಿ” ಎಂದು ಆಟೋ ಮುಂದಕ್ಕೆ ಬಿಟ್ಟ.