ಉಸಿರಿನ ಸೇವೆಯೂ ಅದರ ಮಿತಿಯೂ

ಪ್ರಾಣವು ಮನುಷ್ಯನ ಗಳಿಕೆಯಲ್ಲ; ಅದನ್ನು ಪ್ರಸಾದವೆಂದು ಭಾವಿಸುವುದು ಶರಣಮಾರ್ಗ. ಪ್ರಸಾದವನ್ನು ಚೆಲ್ಲಬಾರದು, ಅದರ ಮೇಲೆ ಒಡೆತನವನ್ನೂ ಸಾಧಿಸಬಾರದು. ಈ ಎರಡು ವಿಧಿಗಳು ರೋಗಿಯ ಹಾಸಿಗೆಯ ಬಳಿ ಎದುರುಬದುರಾಗಿ ನಿಲ್ಲುವ ಕಾಲವುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಂದ ಉಸಿರು ಸೋತವರನ್ನು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ದಾಗ, “ವೆಂಟಿಲೇಟರ್ ಹಚ್ಚೋಣವೇ?” ಎಂದು ವೈದ್ಯರು ಮನೆಯವರನ್ನು ಕೇಳುತ್ತಾರೆ. ಆಗಲೆನ್ನುವುದು ಧರ್ಮವೋ, ಬೇಡವೆನ್ನುವುದು ಧರ್ಮವೋ?

ಮೊದಲು ಯಂತ್ರದ ಗುಣವನ್ನು ಅರಿಯತಕ್ಕದ್ದು. ಅದು ರೋಗವನ್ನು ಕಳೆಯುವುದಿಲ್ಲ. ರೋಗವಿಳಿಯುವವರೆಗೆ ಉಸಿರಿನ ಭಾರವನ್ನು ಹೊತ್ತು ಕಾಲಾವಕಾಶ ಕೊಡುತ್ತದೆ. ಹೊಲದಲ್ಲಿ ನಾಗರಹಾವು ಕಚ್ಚಿದವನ ಉಸಿರಾಟದ ಸ್ನಾಯುಗಳು ವಿಷದಿಂದ ಸೋತು ನಿಲ್ಲಬಹುದು. ವಿಷಹರ ಮದ್ದಿನೊಡನೆ ಕೆಲವು ದಿನ ಯಂತ್ರವು ಉಸಿರಾಡಿಸಿದರೆ ಅವನು ನಡೆದು ಮನೆಗೆ ಬರಬಲ್ಲನು. ಅಂಥಲ್ಲಿ, ಯಂತ್ರ ಹಚ್ಚಿದರೆ ಮುಗಿದಂತೆಯೇ ಎಂಬ ಜನರ ಮಾತಿಗೆ ಅಂಜಿ ಬೇಡವೆನ್ನುವುದು ಪ್ರಸಾದವನ್ನು ಚೆಲ್ಲಿದಂತೆ.

ಆದರೆ ಈ ಅವಕಾಶಕ್ಕೆ ಬೆಲೆಯುಂಟು. ಗಂಟಲೊಳಗಿನ ಕೊಳವೆಯು ಕೆಮ್ಮಿ ಕಫ ಹೊರಹಾಕುವ ಸಹಜಶಕ್ತಿಯನ್ನು ತಡೆಯುತ್ತದೆ. ಎರಡು ದಿನ ಕಳೆದ ಮೇಲೆ ಹೊಸದಾಗಿ ನ್ಯುಮೋನಿಯಾ ತಗಲುವ ಭಯವಿದೆ. ಒತ್ತಡ ಮೀರಿದರೆ ಶ್ವಾಸಕೋಶ ಹರಿದು ಎದೆಗೂಡಿನಲ್ಲಿ ಗಾಳಿ ತುಂಬೀತು. ದುಡಿಯದ ಸ್ನಾಯುಗಳು ಸೊರಗುತ್ತವೆ. ಹಲವರಿಗೆ ಬುದ್ಧಿ ಭ್ರಮಿಸುತ್ತದೆ. ಶ್ವಾಸಕೋಶ ತೀವ್ರವಾಗಿ ಕೆಟ್ಟ 861 ರೋಗಿಗಳ ಮೇಲೆ ಅಮೆರಿಕೆಯಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ವಿಚಾರಾರ್ಹವಾಗಿದೆ. ದೇಹದ ಅಳತೆಗೆ ತಕ್ಕ ತೂಕದ ಕಿಲೋ ಒಂದಕ್ಕೆ 12 ಮಿಲಿಲೀಟರಿನಂತೆ ಪ್ರತಿ ಉಸಿರನ್ನು ತುಂಬಿದಾಗ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡರು. ಅದನ್ನು 6ಕ್ಕೆ ಇಳಿಸಿದಾಗ 31 ಮಂದಿ. ಹೆಚ್ಚು ಗಾಳಿ ಹೆಚ್ಚು ಜನರನ್ನು ಉಳಿಸಲಿಲ್ಲ. ದಾಸೋಹದಲ್ಲಿಯೂ ಹಸಿವಿನ ಅಳತೆ ಮೀರಿ ಉಣಿಸುವುದು ಸೇವೆಯೆನಿಸದು. ಕೈ ತೊಳೆದು ಮುಟ್ಟುವುದು, ರೋಗಿಯ ತಲೆಯನ್ನು ಎತ್ತರಿಸಿ ಮಲಗಿಸುವುದು, ಬಾಯಿ ಶುಚಿಮಾಡುವುದು, ದಿನವೂ ನಿದ್ರೆಮದ್ದನ್ನು ಇಳಿಸಿ ಸ್ವಂತ ಉಸಿರನ್ನು ಪರೀಕ್ಷಿಸುವುದು, ಇವು ದಾದಿಯರ ಮತ್ತು ವೈದ್ಯರ ಕಾಯಕ.

ಇನ್ನು ಕಠಿಣವಾದ ಪ್ರಶ್ನೆ. ಗುಣವಾಗುವ ಆಸೆಯೇ ಉಳಿಯದಾಗ ಯಂತ್ರವನ್ನು ತೆಗೆಯುವುದು ಕೊಲೆಯೇ? ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ತೀರ್ಮಾನಿಸಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರು ಸಮ್ಮತಿಸಬೇಕು, ನ್ಯಾಯಾಧೀಶರಿಗೆ ತಿಳಿಸಬೇಕು. ಅಲ್ಲಿ ಪ್ರಾಣವನ್ನು ಒಯ್ಯುವುದು ರೋಗವೇ ಹೊರತು ಯಂತ್ರ ತೆಗೆದ ಕೈಯಲ್ಲ.

ಆದರೂ ಕಾನೂನು ಅಂತರಂಗವನ್ನು ಶೋಧಿಸದು. ಗುಣವಾಗಬಲ್ಲವರ ಯಂತ್ರವನ್ನು ಹಣದಾಸೆಯಿಂದ ತೆಗೆಸುವುದು ಎಷ್ಟು ಪಾತಕವೋ, ‘ಜನರೇನೆಂದಾರು’ ಎಂದು ಹೊಲ ಮಾರಿ, ಹೊರಟ ಜೀವವನ್ನು ಕೊಳವೆಗಳಲ್ಲಿ ಕಟ್ಟಿಹಾಕುವುದೂ ಅಷ್ಟೇ ಸ್ವಾರ್ಥವು. ಎರಡರಲ್ಲಿಯೂ ರೋಗಿಯು ಮರೆತುಹೋಗಿದ್ದಾನೆ. ಈ ಚಿಕಿತ್ಸೆ ಅವನನ್ನು ಎಲ್ಲಿಗೆ ಮುಟ್ಟಿಸೀತು, ಅವನಿಗೆ ಏನು ಇಷ್ಟವಿತ್ತು ಎಂದು ವೈದ್ಯರನ್ನೂ ತಮ್ಮ ಮನಸ್ಸನ್ನೂ ದಿನದಿನವೂ ಕೇಳುವುದೇ ಮನೆಯವರ ಕರ್ತವ್ಯ.

ಆದುದರಿಂದ ಗೃಹಸ್ಥರು ಆರೋಗ್ಯವಿರುವಾಗಲೇ ತಮ್ಮ ಇಚ್ಛೆಯನ್ನು ಮಕ್ಕಳಿಗೆ ತಿಳಿಸಿ, ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿಡುವುದು ಲೇಸು. ಯಂತ್ರವನ್ನು ತೆಗೆದ ಮೇಲೂ ಸೇವೆ ಮುಗಿಯದು. ನೋವನ್ನು ಶಮನಗೊಳಿಸಿ, ತುಟಿ ಒದ್ದೆಮಾಡಿ, ಕೈ ಹಿಡಿದು ಕೊನೆಯವರೆಗೆ ಬಳಿಯಲ್ಲಿರುವುದು ಮನೆಯವರ ಪಾಲಿನ ಕಾಯಕವಾಗಿ ಉಳಿಯುತ್ತದೆ.